ಪಾತ್ರ ಯಾರದೆಂಬ ಚರ್ಚೆಗೆ ಚಂದ್ರಮತಿಯಾಗಿದ್ದವನ ಮಾತು

ಮಾನ್ಯ ಸಂಪಾದಕರೇ,

ಸಿನಿಮಾದಲ್ಲಿ ಯಾವ ಪಾತ್ರವನ್ನು ಯಾರು ಮಾಡಬೇಕು ಎಂಬ ಬಗ್ಗೆ ತಮ್ಮ ಓದುಗರ ಅಂಕಣದಲ್ಲಿ ಕೆಲವು ವಾರಗಳಿಂದ ನಡೆಯುತ್ತಿರುವ ಚರ್ಚೆಯನ್ನು ತಪ್ಪದೆ ಓದುತ್ತಿದ್ದೇನೆ. ಪರಕಾಯ ಪ್ರವೇಶವೇ ನಟನ ವಿದ್ಯೆಯಾಗಿರುವಾಗ ಅವನಿಗೆ ಜಾತಿ, ಲಿಂಗ, ಊರುಗಳ ಕಟ್ಟು ಹಾಕಬಾರದೆಂದು ಕೆಲವರು ಬರೆದಿದ್ದಾರೆ. ಲಿಂಗತ್ವ ಅಲ್ಪಸಂಖ್ಯಾತರ ಪಾತ್ರವನ್ನು ಅವರೇ ಮಾಡಬೇಕು, ಅಂಗವಿಕಲರ ಪಾತ್ರವನ್ನು ಅಂಗವಿಕಲರೇ ಮಾಡಬೇಕು, ಬೇರೆಯವರು ಮಾಡಿದರೆ ಅದು ಅನುಭವದ ಕಳವು ಎಂದು ಮತ್ತೆ ಕೆಲವರು ವಾದಿಸಿದ್ದಾರೆ. ಎರಡೂ ಕಡೆಯವರ ಮಾತು ನನ್ನ ಬದುಕಿಗೆ ತಾಗುವಂಥದ್ದಾದ್ದರಿಂದ ಪತ್ರ ಸ್ವಲ್ಪ ದೀರ್ಘವಾಗಿದೆ. ದಯವಿಟ್ಟು ಸ್ಥಳ ಕೊಡಬೇಕು.

ಕಾರ್ಕಳದ ಹತ್ತಿರದ ಹಳ್ಳಿಯಿಂದ 1968ರಲ್ಲಿ, ನನ್ನ 14ನೆಯ ವಯಸ್ಸಿನಲ್ಲಿ ಬೊಂಬಾಯಿಗೆ ಬಂದ ನಾನು ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದು ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ಶಾಲೆಯ ವಾರ್ಷಿಕೋತ್ಸವಕ್ಕೆ ಹರಿಶ್ಚಂದ್ರ ನಾಟಕ ಆಡುವುದೆಂದು ತೀರ್ಮಾನವಾದಾಗ, ಮೀಸೆ ಮೂಡದ, ದನಿ ಒಡೆಯದ ಹುಡುಗ ನಾನೊಬ್ಬನೇ ಆಗಿದ್ದುದರಿಂದ ಚಂದ್ರಮತಿಯ ಪಾತ್ರ ನನ್ನ ಪಾಲಿಗೆ ಬಂತು. ಊರಿನಲ್ಲಿ ಬಯಲಾಟ ನೋಡಿ ಬೆಳೆದವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕೋಳ್ಯೂರು ರಾಮಚಂದ್ರ ರಾಯರಂಥವರು ಸ್ತ್ರೀವೇಷಕ್ಕೆ ತಂದುಕೊಟ್ಟ ಘನತೆಯನ್ನು ಕಣ್ಣಾರೆ ಕಂಡ ನಾಡು ನಮ್ಮದು. ನಾಲ್ಕು ವರ್ಷ ನಾನೇ ಚಂದ್ರಮತಿಯಾಗಿದ್ದೆ, ದನಿ ಒಡೆದ ಮೇಲೂ.

1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರು ಇದೇ ಮುಂಬಯಿಯಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ತೆಗೆದಾಗ, ನಮ್ಮ ಚಂದ್ರಮತಿಯೇ ಆದ ತಾರಾಮತಿಯ ಪಾತ್ರಕ್ಕೆ ಯಾವ ಹೆಂಗಸೂ ಒಪ್ಪದೆ ಹೋದುದರಿಂದ, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ತರುಣನನ್ನು ಕರೆತಂದು ಸೀರೆ ಉಡಿಸಿದರೆಂಬುದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಹೋಟೆಲಿನ ಹುಡುಗನೊಬ್ಬ ನನಗಿಂತ ಅರ್ಧ ಶತಮಾನಕ್ಕೂ ಮೊದಲು ಅದೇ ರಾಣಿಯಾಗಿ ಅದೇ ಸುಡುಗಾಡಿನಲ್ಲಿ ನಿಂತಿದ್ದನೆಂದು ಓದಿದ ದಿನ ನನಗಾದ ಸಂತೋಷವನ್ನು ಇಲ್ಲಿ ಹೇಳಿ ಮುಗಿಸಲಾರೆ. 1917ರ ‘ಲಂಕಾ ದಹನ’ದಲ್ಲಿ ಸಾಳುಂಕೆಯವರು ರಾಮನೂ ಆದರು, ಸೀತೆಯೂ ಆದರು. ಅಷ್ಟು ಹೊತ್ತಿಗಾಗಲೇ, 1913ರಲ್ಲೇ, ಫಾಲ್ಕೆಯವರದೇ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಬಣ್ಣ ಹಚ್ಚಿದ್ದರೆಂಬುದನ್ನೂ ಮರೆಯಬಾರದು.

ನಮ್ಮ ನಾಟಕಕ್ಕೂ ಅಂಥ ದಿನ ಬಂತು. 1972ರಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ಅದನ್ನು ಮಾಟುಂಗದಲ್ಲಿ ಮತ್ತೆ ಆಡಿದಾಗ ಚಂದ್ರಮತಿಯಾಗಲು ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ಒಬ್ಬ ಅಕ್ಕ ಮುಂದೆ ಬಂದರು. ಹೆಣದ ತೆರಿಗೆಗೆ ಕೊಡಲು ಏನೂ ಇಲ್ಲದ ಚಂದ್ರಮತಿ ಉಟ್ಟ ಸೀರೆಯಲ್ಲೇ ಹರಿದುಕೊಡಬೇಕಾದ ಸಂದರ್ಭದಲ್ಲಿ ನಾನು ನಾಲ್ಕು ವರ್ಷವೂ ಅಬ್ಬರದಿಂದ ಅತ್ತು, ಪರ್ರನೆ ಸೆರಗು ಹರಿದು, ಚಪ್ಪಾಳೆ ಪಡೆದಿದ್ದೆ. ಆ ಅಕ್ಕ ಅಳಲಿಲ್ಲ. ಸೆರಗನ್ನು ಕೈಗೆ ತೆಗೆದುಕೊಂಡು, ಹರಿದರೆ ಮೈಮೇಲೆ ಎಷ್ಟು ಉಳಿದೀತೆಂದು ಒಮ್ಮೆ ಅಳೆದು ನೋಡಿದರು, ಆಮೇಲೆ ಹರಿದರು. ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ನನಗೆ, ಈ ಒಂದು ನೋಟ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲವಲ್ಲ ಎಂದು ಮೈ ಜುಮ್ಮೆಂದಿತು. ಅದೇ ಅಕ್ಕ ತಾಲೀಮಿನಲ್ಲಿ, ಮಗುವಿನ ಹೆಣವನ್ನು ಎತ್ತಿಕೊಂಡು ಪ್ರೇಕ್ಷಕರಿಗೆ ಬೆನ್ನಾಗದಂತೆ ತಿರುಗುವುದು ಹೇಗೆಂದು ನನ್ನನ್ನು ಕೇಳಿ ಕಲಿತಿದ್ದರು ಎಂಬುದನ್ನೂ ಹೇಳಬೇಕು. ನನಗೆ ಆ ವರ್ಷ ವಿಶ್ವಾಮಿತ್ರನ ಪಾತ್ರ ಸಿಕ್ಕಿತು. ಒಂದು ಬಾಗಿಲು ಮುಚ್ಚಿದರೆ ನನ್ನಂಥವನಿಗೆ ಹತ್ತು ಬಾಗಿಲು ತೆರೆದಿದ್ದವು. ಆ ಅಕ್ಕನಿಗೆ ಇದ್ದದ್ದು ಆ ಒಂದೇ ಬಾಗಿಲು. ಈಗಿನ ಚರ್ಚೆಯಲ್ಲಿ ಕಾಣದಾಗಿರುವುದು ಈ ಲೆಕ್ಕ ಎಂದು ನನಗನ್ನಿಸುತ್ತದೆ.

ಹುಟ್ಟಿನಿಂದ ಪಾತ್ರ ಹಂಚುವುದಾದರೆ ನಟನೆ ಎಂಬ ವಿದ್ಯೆಯೇ ಬೇಕಿಲ್ಲ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಜಬ್ಬಾರ್ ಪಟೇಲರ ಚಿತ್ರದಲ್ಲಿ ಬಾಬಾಸಾಹೇಬ್ ಅಂಬೇಡ್ಕರರಾದವರು ಕೇರಳದ ಮಮ್ಮುಟ್ಟಿ. ಮರಾಠಿ ನೆಲದ ಅಷ್ಟು ದೊಡ್ಡ ಚೇತನವನ್ನು ಮಲಯಾಳದ ನಟರೊಬ್ಬರು ಧರಿಸಿದ ಬಗೆಗೆ 1998ನೆಯ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಪ್ರಶಸ್ತಿಯ ಮಾತಿರಲಿ, ಆ ನಡಿಗೆ, ಆ ಕನ್ನಡಕದ ಹಿಂದಿನ ದಣಿವು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ಆದರೆ ಇದೇ ಮಮ್ಮುಟ್ಟಿಯವರ ಎದುರು, 2019ರಲ್ಲಿ ತೆರೆಕಂಡ ತಮಿಳಿನ ‘ಪೇರನ್ಬು’ವಿನಲ್ಲಿ, ಟ್ರಾನ್ಸ್‌ಜೆಂಡರ್ ಮಹಿಳೆಯ ಪಾತ್ರಕ್ಕೆ ಟ್ರಾನ್ಸ್‌ಜೆಂಡರ್ ಮಹಿಳೆಯೇ ಆದ ಅಂಜಲಿ ಅಮೀರ್ ಅವರನ್ನು ಆರಿಸಿದರು. ಒಬ್ಬ ಮಹಾನಟನ ವೃತ್ತಿಜೀವನದಲ್ಲಿಯೇ ಎರಡಕ್ಕೂ ಜಾಗವಿರುವಾಗ ನಾವು ಓದುಗರು ಎರಡು ಬಣವಾಗಿ ಜಗಳವಾಡುತ್ತಿರುವುದೇಕೆ?

ಸಂಚಾರಿ ವಿಜಯ್ ಅವರ ಹೆಸರನ್ನು ಎರಡು ಪತ್ರಗಳಲ್ಲಿ ಎತ್ತಿರುವುದರಿಂದ ಆ ಬಗ್ಗೆ ತುಸು ವಿವರವಾಗಿ ಬರೆಯಬೇಕಾಗಿದೆ. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಚಿತ್ರದ ಅಭಿನಯಕ್ಕೆ 2014ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದ ಆ ನಟ 2021ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಡೊಂಬಿವಲಿಯ ನಮ್ಮ ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ. ಅವರ ಅಭಿನಯದಲ್ಲಿ ಗೇಲಿಯ ಒಂದು ಎಳೆಯೂ ಇರಲಿಲ್ಲ. ಕೈ ತಟ್ಟಿ ನಗಿಸುವುದಕ್ಕಷ್ಟೇ ಮಂಗಳಮುಖಿಯರನ್ನು ತರುತ್ತಿದ್ದ ನಮ್ಮ ಸಿನಿಮಾದಲ್ಲಿ ಅದೊಂದು ದೊಡ್ಡ ತಿರುವು. ಆ ಅಭಿನಯವನ್ನು ಕಳವು ಎಂದು ಕರೆದವರ ಮಾತು ನನ್ನನ್ನು ನೋಯಿಸಿತು. ಹಾಗೆಯೇ ಇನ್ನೊಂದು ಸಂಗತಿಯನ್ನು ಯಾರೂ ಪ್ರಸ್ತಾಪಿಸದಿರುವುದೂ ನೋವಿನ ವಿಷಯವೇ. ಆ ಚಿತ್ರಕ್ಕೆ ಆಧಾರವಾದದ್ದು ಟ್ರಾನ್ಸ್‌ಜೆಂಡರ್ ಮಹಿಳೆಯಾದ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ಆ ವಿದ್ಯಾ ಸ್ವತಃ ರಂಗನಟಿ. ಬದುಕನ್ನು ಬದುಕಿದವರೂ ನಟಿ, ಅದನ್ನು ಬರೆದವರೂ ಅವರೇ. ವಿಜಯ್ ಆ ಪಾತ್ರ ಮಾಡಬಾರದಿತ್ತೆಂದು ನಾನು ಹೇಳುತ್ತಿಲ್ಲ. ಹತ್ತು ಚಿತ್ರಗಳಲ್ಲಿ ಹತ್ತು ಬಗೆಯ ಪಾತ್ರ ಮಾಡಲು ವಿಜಯ್ ಅವರಿಗಿದ್ದ ಅವಕಾಶದಲ್ಲಿ ಒಂದಂಶವಾದರೂ ವಿದ್ಯಾ ಅವರಂಥ ನಟಿಯರಿಗೆ ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಇದೆಯೇ ಎಂದು ಕೇಳುತ್ತಿದ್ದೇನೆ.

ತರಬೇತಾದ ಕಲಾವಿದರು ಮಂಗಳಮುಖಿಯರ ಸಮುದಾಯದಲ್ಲಿ ಸಿಗುವುದಿಲ್ಲ ಎಂಬ ನಿರ್ಮಾಪಕರ ಹಳೆಯ ಉತ್ತರವನ್ನು ಕನ್ನಡಿಗರಾದ ನಾವಂತೂ ಒಪ್ಪಲಾಗದು. ಜೋಗತಿ ನೃತ್ಯದಲ್ಲಿ ಆಯುಷ್ಯ ಸವೆಸಿದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀಯನ್ನೂ ಪಡೆದವರು. ಅಂಥವರನ್ನು ಪ್ರೇಕ್ಷಕರು ನೋಡಲು ಬರುವುದಿಲ್ಲ ಎಂಬ ಇನ್ನೊಂದು ಉತ್ತರಕ್ಕೆ ಮುಂಬಯಿಯಲ್ಲೇ ಸಾಕ್ಷಿ ಇದೆ. ಮಂಗಳಮುಖಿಯರ ಹಕ್ಕುಗಳಿಗಾಗಿ ದುಡಿಯುವ, ಸ್ವತಃ ಮಂಗಳಮುಖಿಯಾದ ಗೌರಿ ಸಾವಂತ್ ಅವರು 2017ರಲ್ಲಿ ವಿಕ್ಸ್ ಜಾಹೀರಾತಿನಲ್ಲಿ ತಾವೇ ತಾವಾಗಿ, ಸಾಕುಮಗಳ ಕಥೆಯೊಂದಿಗೆ ಕಾಣಿಸಿಕೊಂಡಾಗ ದೇಶವೆಲ್ಲ ಕಣ್ಣೀರು ತುಂಬಿಕೊಂಡು ನೋಡಿತು. 2023ರಲ್ಲಿ ಅವರ ಜೀವನ ‘ತಾಲಿ’ ಎಂಬ ಸರಣಿಯಾದಾಗ ಆ ಪಾತ್ರ ಸುಷ್ಮಿತಾ ಸೇನ್ ಅವರದಾಯಿತು. ಸುಷ್ಮಿತಾ ಅವರ ಶ್ರದ್ಧೆಯಲ್ಲಿ ನನಗೆ ಸಂದೇಹವಿಲ್ಲ. ದೊಡ್ಡ ಹೆಸರಿಲ್ಲದೆ ಹಣ ಹುಟ್ಟುವುದಿಲ್ಲವೆಂಬುದೂ ತಿಳಿದದ್ದೇ. ಆದರೆ ಹಣ ಹುಟ್ಟದ ಕಷ್ಟವನ್ನು ಕಲೆಯ ಸ್ವಾತಂತ್ರ್ಯ ಎಂದು ಕರೆಯಬಾರದು. 2014ರಲ್ಲಿ ಮಣಿಪುರದ ಬಾಕ್ಸರ್ ಮೇರಿ ಕೋಮ್ ಅವರ ಪಾತ್ರವನ್ನು ಪ್ರಿಯಾಂಕಾ ಚೋಪ್ರಾ ಮಾಡಿದಾಗಲೂ ಮುಖ್ಯವಾಗಿದ್ದದ್ದು ಇದೇ ಲೆಕ್ಕ. ಮಣಿಪುರದವರೇ ಆದ ಲಿನ್ ಲೈಶ್ರಾಮ್ ಅದೇ ಚಿತ್ರದಲ್ಲಿ ಪೋಷಕ ಪಾತ್ರದಲ್ಲಿದ್ದರು.

ಮೈಬಣ್ಣದ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯೇ ಇಲ್ಲ. 2019ರ ‘ಬಾಲಾ’ದಲ್ಲಿ, ಕಪ್ಪು ಹುಡುಗಿಯ ಸಂಕಟವೇ ಕಥೆಯ ಒಂದು ಭಾಗವಾಗಿರುವಾಗ, ಭೂಮಿ ಪೆಡ್ನೇಕರ್ ಅವರ ಮುಖಕ್ಕೆ ಕಪ್ಪು ಬಳಿದರು. ಕಪ್ಪಾಗಿರುವ ನಟಿಯನ್ನೇ ಹುಡುಕದೆ, ಕಪ್ಪಿನ ಅವಮಾನದ ಕಥೆಯನ್ನು ಬಣ್ಣದ ಡಬ್ಬಿಯಿಂದ ಹೇಳಹೊರಟರೆ ಆ ಅವಮಾನಕ್ಕೆ ಇನ್ನೊಂದು ಸೇರಿದಂತಾಯಿತು. ಅಭಿನಯ ಎಷ್ಟೇ ಚೆನ್ನಾಗಿದ್ದರೂ ಇದನ್ನು ಸಮರ್ಥಿಸಲು ನನ್ನಿಂದಾಗದು.

ನಮ್ಮವರ ಅನುಭವಕ್ಕೆ ಬರೋಣ. ಹಿಂದಿ ಚಿತ್ರಗಳ ಉಡುಪಿ ಹೋಟೆಲಿನ ‘ಅಣ್ಣ’ನನ್ನು ನೀವೆಲ್ಲ ನೋಡಿದ್ದೀರಿ: ಬಿಳಿ ಪಂಚೆ, ಹಣೆತುಂಬ ವಿಭೂತಿ, ಮಾತುಮಾತಿಗೆ ‘ಅಯ್ಯಯ್ಯೋ’. ಇಡೀ ಆಯುಷ್ಯವನ್ನು ಈ ಊರಿನ ಹೋಟೆಲುಗಳಲ್ಲಿ ಕಳೆದ ನಾನು ಅಂಥ ಒಬ್ಬ ಯಜಮಾನನನ್ನೂ ಕಂಡಿಲ್ಲ. ನಮ್ಮ ತುಳು, ಕನ್ನಡದವರ ಬಂಬಯ್ಯಾ ಹಿಂದಿಗೆ ಅದರದೇ ಒಂದು ಓಟವಿದೆ, ಮರಾಠಿಯ ಬೆರಕೆ ಇದೆ. ಪರದೆಯ ಮೇಲಿನ ಅಣ್ಣನ ನಾಲಗೆಗೆ ಅದು ಎಂದೂ ಹೊರಳಿದ್ದಿಲ್ಲ. ನಮ್ಮ ನಾಟಕ ತಂಡದ ಹುಡುಗನೊಬ್ಬ, ಕಾಂದಿವಲಿಯಲ್ಲಿ ಹುಟ್ಟಿ ಬೆಳೆದು ಕನ್ನಡ, ತುಳು, ಮರಾಠಿ, ಹಿಂದಿ ನಾಲ್ಕನ್ನೂ ನೀರು ಕುಡಿದಂತೆ ಮಾತನಾಡುವವನು, ವರ್ಸೋವಾದ ಆರಾಮ್ ನಗರದಲ್ಲಿ ಇಂಥದೇ ಪಾತ್ರದ ಆಡಿಷನ್ನಿಗೆ ಹೋಗಿದ್ದ. ‘ನೀನು ಸೌತ್ ಇಂಡಿಯನ್ ಥರ ಕಾಣೋದಿಲ್ಲ, ಮಾತೂ ಆ ಥರ ಇಲ್ಲ’ ಎಂದು ಅವನನ್ನು ಕಳುಹಿಸಿಬಿಟ್ಟರಂತೆ. ಮರುವಾರ ಬೇರೊಂದು ಕಡೆ ಬ್ಯಾಂಕ್ ಮ್ಯಾನೇಜರನ ಪಾತ್ರಕ್ಕೆ ಹೋದಾಗ, ‘ಹೆಸರು ನೋಡಿದರೆ ಸೌತಿನವನು, ಇದು ನಿನಗೆ ಹೊಂದುವುದಿಲ್ಲ’ ಎಂಬ ಉತ್ತರ. ತನ್ನವರ ಪಾತ್ರವೂ ಇಲ್ಲ, ಪರರ ಪಾತ್ರವೂ ಇಲ್ಲ. ಆ ಹುಡುಗ ಇದನ್ನು ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

‘ಅವರವರ ಪಾತ್ರ ಅವರವರಿಗೆ’ ಎಂಬ ನಿಯಮವನ್ನು ಒಪ್ಪಲು ನಾನು ಹಿಂಜರಿಯುವುದು ಇದರಿಂದಾಗಿಯೇ. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ, ರಾಮ್ ರೆಡ್ಡಿಯವರ ‘ತಿಥಿ’ಯನ್ನು ನೆನಪಿಸಿಕೊಳ್ಳಿ. ಲೊಕಾರ್ನೊ ಚಿತ್ರೋತ್ಸವದವರೆಗೂ ಹೋಗಿ ಪ್ರಶಸ್ತಿ ಗೆದ್ದ ಆ ಚಿತ್ರದ ಗಡ್ಡಪ್ಪ, ಸೆಂಚುರಿ ಗೌಡರನ್ನು ಯಾವ ತಾರೆಯೂ ಮೀರಿಸಲಾರ. ಅನಂತರ ಬಂದ ಕೆಲವು ಚಿತ್ರಗಳು ಮಾತ್ರ ಅದೇ ಮುದುಕರನ್ನು ಅದೇ ಬಗೆಯ ನಗೆಗೆ ಮತ್ತೆ ಮತ್ತೆ ಬಳಸಿಕೊಂಡವು. ತನ್ನ ಪಾತ್ರ ತನಗೇ ಸಿಗಬೇಕೆನ್ನುವ ನ್ಯಾಯ ಅಲ್ಲಿಗೇ ನಿಂತರೆ, ಹೋಟೆಲಿನ ಹುಡುಗ ಕೊನೆತನಕ ಹೋಟೆಲಿನ ಹುಡುಗನ ಪಾತ್ರವನ್ನೇ ಮಾಡಬೇಕಾಗುತ್ತದೆ. ಆ ನಿಯಮ 1968ರಲ್ಲಿ ಇದ್ದಿದ್ದರೆ ನಾನು ಅಯೋಧ್ಯೆಯ ರಾಣಿಯಾಗುತ್ತಿರಲಿಲ್ಲ.

ಇದೆಲ್ಲವನ್ನೂ ಈಗ ಬರೆಯಲು ಒಂದು ತಕ್ಷಣದ ಕಾರಣವಿದೆ. ನಮ್ಮ ಪರಿಸರದ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಆರಿಸಿಯಾಗಿದೆ; ಪಾತ್ರ ಹಂಚಿಕೆ ಬಾಕಿಯಿದೆ. ವಿಜಯಪುರ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ, ತತ್ವಪದಗಳನ್ನು ಎದೆ ತುಂಬಿ ಹಾಡುವ ಒಬ್ಬ ಮಂಗಳಮುಖಿ ನಮ್ಮ ಬೀದಿಯ ಅಂಗಡಿಗಳಿಗೆ ಬರುತ್ತಾರೆ. ನಾನು ನಾಟಕದ ಪ್ರತಿ ಕೊಟ್ಟಾಗ ಎರಡೇ ದಿನಗಳಲ್ಲಿ ಒಂದಂಕದ ಮಾತೆಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದರು. ಅವರ ಹೆಸರನ್ನು ಸಮಿತಿಯಲ್ಲಿ ಸೂಚಿಸಿದಾಗ ಕೆಲಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಹಿರಿಯ ಸದಸ್ಯರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ‘ಈ ನಾಟಕದಲ್ಲಿ ಅಂಥ ಪಾತ್ರ ಇಲ್ಲವಲ್ಲ, ಮುಂದೆ ಇದ್ದಾಗ ನೋಡೋಣ’ ಎಂದರು. ನಾನು ಕೇಳುತ್ತಿರುವುದು ಶಾಲೆಯ ಮುಖ್ಯೋಪಾಧ್ಯಾಯಿನಿಯ ಪಾತ್ರವನ್ನು. ನಾಟಕದಲ್ಲಿ ಆಕೆ ಮಕ್ಕಳನ್ನು ಗದರುತ್ತಾಳೆ, ಶಾಲೆ ಮುಚ್ಚಲು ಬಂದ ಅಧಿಕಾರಿಯೊಂದಿಗೆ ವಾದಿಸುತ್ತಾಳೆ, ಕೊನೆಗೆ ಒಂದು ಹಾಡು ಹಾಡುತ್ತಾಳೆ. ಹಾಡಬಲ್ಲವರು ನಮ್ಮಲ್ಲಿ ಬೇರೆ ಯಾರೂ ಇಲ್ಲ.

ತೀರ್ಮಾನದ ಸಭೆ ಬರುವ ಭಾನುವಾರ ಸಂಜೆ 5 ಗಂಟೆಗೆ ಸಂಘದ ಕಚೇರಿಯಲ್ಲಿದೆ. ಈ ಅಂಕಣದಲ್ಲಿ ಎರಡೂ ಪಕ್ಷಗಳಿಂದ ಬರೆದವರಲ್ಲಿ ಡೊಂಬಿವಲಿ, ಕಲ್ಯಾಣದ ಕಡೆಯ ಸದಸ್ಯರೂ ಇದ್ದಾರೆಂದು ನನಗೆ ಗೊತ್ತು. ಅವರು ಸಭೆಗೆ ಬರಬೇಕು. ಆಕೆಯೂ ಬರುತ್ತಾರೆ, ಆ ಹಾಡನ್ನು ಒಮ್ಮೆ ಕೇಳಿ ನಿರ್ಧರಿಸಲಿ.

ಇತಿ,
ಹಳೆಯ ರಾತ್ರಿಶಾಲೆ ವಿದ್ಯಾರ್ಥಿ,
ಡೊಂಬಿವಲಿ ಪೂರ್ವ