ಸ್ಪೀಡ್ ಟೆಸ್ಟ್ ಸರಿ ಇದೆ, ಲೈನ್ ಸರಿ ಇಲ್ಲ: ಹಾಸನದ ಸಬ್‌ಮರೀನ್ ಸಿಮ್ಯುಲೇಟರ್ ಆಟಗಾರರ ದೂರು

ಇಂದ,
ಹಾಸನ, ಆಲೂರು, ಸಕಲೇಶಪುರದ ಸಬ್‌ಮರೀನ್ ಸಿಮ್ಯುಲೇಟರ್ ಆಟಗಾರರು
(ಎಲ್ಲರೂ ತಮ್ಮ ಫೈಬರ್ ಸಂಪರ್ಕದ ಚಂದಾದಾರರು)

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
ಪ್ರತಿ: ನೆಟ್‌ವರ್ಕ್ ಎಂಜಿನಿಯರ್, ಹಾಸನ ವಲಯ

ವಿಷಯ: ಸಂಜೆ ಹೊತ್ತಿನ ಪ್ಯಾಕೆಟ್ ನಷ್ಟ, ಸಿಜಿನ್ಯಾಟ್ (ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ತೊಂದರೆ ಮತ್ತು ರಿಪೇರಿಯಾಗದೆ ಮುಚ್ಚಿಹೋಗುತ್ತಿರುವ ದೂರುಗಳ ಕುರಿತು.

ಮಾನ್ಯರೇ,

ನಮ್ಮ ಪ್ರತಿ ದೂರಿಗೂ ತಮ್ಮ ಕಡೆಯಿಂದ ಬರುವ ಉತ್ತರ ಒಂದೇ: ‘ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಬರುತ್ತಿದೆ, ಲೈನ್ ಸರಿ ಇದೆ.’ 100 ಬರುತ್ತಿರುವುದು ನಿಜ. ವೇಗ ಸಾಲದು ಎಂದು ನಾವು ದೂರಿದ್ದೇ ಇಲ್ಲ. ಸಂಜೆ 8ರಿಂದ 11ರವರೆಗೆ ಪ್ಯಾಕೆಟ್‌ಗಳು, ಅಂದರೆ ಜಾಲದಲ್ಲಿ ಸಾಗುವ ಮಾಹಿತಿಯ ತುಣುಕುಗಳು, ದಾರಿಯಲ್ಲೇ ಕಳೆದುಹೋಗುತ್ತಿವೆ ಎಂಬುದು ನಮ್ಮ ಒಂದು ದೂರು. ಹೊರಗಿನವರು ಯಾರೂ ನಮ್ಮ ಮನೆಯ ಕಂಪ್ಯೂಟರಿಗೆ ಬಂದು ಸೇರಲಾಗದ ರೀತಿಯಲ್ಲಿ ತಾವು ಐಪಿ ವಿಳಾಸ ಹಂಚುತ್ತಿದ್ದೀರಿ ಎಂಬುದು ಇನ್ನೊಂದು. ಇವೆರಡೂ ಸ್ಪೀಡ್ ಟೆಸ್ಟ್‌ನಲ್ಲಿ ಕಾಣುವುದಿಲ್ಲ. ಕಾಲ್ ಸೆಂಟರ್ ದಾಟಿ ಒಬ್ಬರಾದರೂ ಎಂಜಿನಿಯರ್ ಈ ಪತ್ರ ಓದಲಿ ಎಂದು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇವೆ.

ನಾವು ಆಡುವುದು ಸಬ್‌ಮರೀನ್ ಸಿಮ್ಯುಲೇಟರ್ ಆಟಗಳನ್ನು. ಹಾಸನದಲ್ಲಿ ಕಡಲಿಲ್ಲ, ಅದಕ್ಕೆ ಶಿರಾಡಿ ಘಾಟಿ ಇಳಿಯಬೇಕು ಎಂಬುದು ನಮಗೂ ಗೊತ್ತು. ಸಹಾಯವಾಣಿಯಲ್ಲಿ ಈ ಮಾತಿಗೆ ನಗುವವರಿಗೆ ಇಷ್ಟು ಸಾಕು. ವುಲ್ಫ್‌ಪ್ಯಾಕ್‌ನಂಥ ಆಟದಲ್ಲಿ ಎರಡನೇ ಮಹಾಯುದ್ಧದ ಕಾಲದ ಟೈಪ್ 7 ಜರ್ಮನ್ ಜಲಾಂತರ್ಗಾಮಿಯನ್ನು ಹಲವರು ಸೇರಿ ನಡೆಸುತ್ತಾರೆ. ಪೆರಿಸ್ಕೋಪ್‌ಗೆ ಒಬ್ಬರು, ಚುಕ್ಕಾಣಿಗೆ ಒಬ್ಬರು, ನೀರೊಳಗಿನ ಸದ್ದು ಕೇಳುವ ಹೈಡ್ರೋಫೋನ್‌ಗೆ ಒಬ್ಬರು, ಎಲ್ಲರೂ ಬೇರೆ ಬೇರೆ ಊರಿನಲ್ಲಿ. 2005ರ ಡೇಂಜರಸ್ ವಾಟರ್ಸ್‌ನಲ್ಲೂ ಒಂದೇ ನೌಕೆಯ ಬೇರೆ ಬೇರೆ ಸ್ಥಾನಗಳನ್ನು ಬೇರೆ ಬೇರೆ ಆಟಗಾರರು ಹಿಡಿಯಬಹುದು. ಬಂದೂಕಿನ ಆಟಗಳ ಹಾಗೆ ಕಣ್ಣೆವೆ ಮುಚ್ಚುವಷ್ಟರಲ್ಲಿ ಗುಂಡಿ ಒತ್ತಬೇಕಾದ ತುರ್ತು ಇಲ್ಲಿಲ್ಲ. ಪಿಂಗ್ (ಸಂದೇಶ ಹೋಗಿ ಬರುವ ಸಮಯ) 150 ಮಿಲಿಸೆಕೆಂಡ್ ಇದ್ದರೂ ನಡೆಯುತ್ತದೆ. ಮಾತು ಮಾತ್ರ ತುಂಡಾಗಬಾರದು.

ಯಾಕೆಂದರೆ ಈ ಆಟ ನಡೆಯುವುದೇ ಅಂಕಿಗಳನ್ನು ಕೂಗಿ ಹೇಳುವುದರಲ್ಲಿ. ಗುರಿ ಹಡಗಿನ ವೇಗ ತಿಳಿಯಲು 3 ನಿಮಿಷ 15 ಸೆಕೆಂಡಿನ ಲೆಕ್ಕವೊಂದಿದೆ: ಅಷ್ಟು ಹೊತ್ತಿನಲ್ಲಿ ಹಡಗು ಎಷ್ಟು ನೂರು ಮೀಟರ್ ಸಾಗಿತೋ ಅಷ್ಟು ನಾಟ್ ಅದರ ವೇಗ. 800 ಮೀಟರ್ ಸಾಗಿದ್ದರೆ 8 ನಾಟ್. ಆರಂಭದಲ್ಲೊಮ್ಮೆ, ಕೊನೆಗೊಮ್ಮೆ ದಿಕ್ಕು ಮತ್ತು ದೂರ ಹೇಳಬೇಕು, ಇನ್ನೊಬ್ಬರು ಅದನ್ನು ನಕ್ಷೆಯಲ್ಲಿ ಗುರುತಿಸಬೇಕು. ಎರಡನೇ ಗುರುತಿನ ಹೊತ್ತಿಗೆ ಲೈನ್ ಕೈಕೊಟ್ಟರೆ ಮೊದಲನೆಯದೂ ದಂಡ. ಇನ್ನು ದಿಕ್ಕಿನ ಮಾತು. ‘ಸೊನ್ನೆ ನಾಲ್ಕು ಐದು’ ಎಂದದ್ದರಲ್ಲಿ ನಡುವಿನ ಅಂಕಿ ಕೇಳಿಸದೆ, ಎದುರಿನವರು ‘ಮೂರು’ ಇರಬೇಕೆಂದು ಊಹಿಸಿದರೆ 10 ಡಿಗ್ರಿ ತಪ್ಪಿತು. 1000 ಮೀಟರ್ ದೂರದಲ್ಲಿ 10 ಡಿಗ್ರಿ ಎಂದರೆ ಸುಮಾರು 175 ಮೀಟರ್. ಯುದ್ಧಕಾಲದ ಲಿಬರ್ಟಿ ಸರಕು ಹಡಗಿನ ಉದ್ದವೇ 134 ಮೀಟರ್. 30 ನಾಟ್ ವೇಗದ ಟಾರ್ಪಿಡೊ ಸಾವಿರ ಮೀಟರ್ ಓಡಲು ಸುಮಾರು 65 ಸೆಕೆಂಡು ಬೇಕು, ಅಷ್ಟರಲ್ಲಿ 8 ನಾಟ್‌ನ ಹಡಗು ಸುಮಾರು 270 ಮೀಟರ್ ಮುಂದೆ ಹೋಗಿರುತ್ತದೆ. ಹಡಗು ಅಡ್ಡಲಾಗಿ ಹಾಯುತ್ತಿದ್ದರೆ ಅದಕ್ಕಿಂತ ಹದಿನೈದೂವರೆ ಡಿಗ್ರಿ ಮುಂದಕ್ಕೆ ಗುರಿಯಿಡಬೇಕು. ಇಷ್ಟೆಲ್ಲ ಲೆಕ್ಕ ಹಾಕಿ ಹೊಡೆದ ಟಾರ್ಪಿಡೊ ಒಂದು ಅಂಕಿ ಕಳೆದುಹೋದದ್ದಕ್ಕೆ ನೀರುಪಾಲು.

ಅಂಕಿ ಹೇಗೆ ಕಳೆಯುತ್ತದೆ ಎಂಬುದನ್ನೂ ಹೇಳುತ್ತೇವೆ. ಆಟದ ಮಾತುಕತೆಗೆ ಸಾಮಾನ್ಯವಾಗಿ ಬಳಸುವುದು ಓಪಸ್ ಕೊಡೆಕ್ (ಧ್ವನಿಯನ್ನು ಕುಗ್ಗಿಸಿ ಕಳಿಸುವ ತಂತ್ರ). ಅದು 20 ಮಿಲಿಸೆಕೆಂಡಿಗೊಂದು, ಅಂದರೆ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ. ಬೇಕಾಗುವ ವೇಗ 64 ಕೆಬಿಪಿಎಸ್ ಆಸುಪಾಸು, ತಮ್ಮ 100 ಎಂಬಿಪಿಎಸ್‌ನಲ್ಲಿ ಸಾವಿರದಲ್ಲೊಂದು ಪಾಲೂ ಅಲ್ಲ. ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಹೋದರೆ ಕೊಡೆಕ್ಕೇ ತೇಪೆ ಹಾಕುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ಆದರೆ ತಮ್ಮ ಜಾಲದಲ್ಲಿ ಹೋಗುವುದು ಒಟ್ಟೊಟ್ಟಿಗೆ. ಸಾಲಾಗಿ 15 ಪ್ಯಾಕೆಟ್ ಹೋದರೆ 300 ಮಿಲಿಸೆಕೆಂಡ್ ಮೌನ. ‘ನಾಲ್ಕು’ ಎನ್ನಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಸಾಕು.

ಸ್ಪೀಡ್ ಟೆಸ್ಟ್ ಇದನ್ನು ಮುಚ್ಚಿಡುತ್ತದೆ. ಅದು ಟಿಸಿಪಿ ಬಳಸುತ್ತದೆ, ಏಕಕಾಲಕ್ಕೆ ಹಲವು ಧಾರೆ ತೆರೆಯುತ್ತದೆ, ಕಳೆದ ಪ್ಯಾಕೆಟ್ಟನ್ನು ಮತ್ತೆ ತರಿಸಿಕೊಳ್ಳುತ್ತದೆ. ಕೊನೆಗೆ ಒಟ್ಟು ವೇಗವನ್ನಷ್ಟೇ ತೋರಿಸುತ್ತದೆ. ಮಾತು ಮತ್ತು ಆಟ ಸಾಗುವುದು ಯುಡಿಪಿಯಲ್ಲಿ. ಅಲ್ಲಿ ಹೋದದ್ದು ಹೋಯಿತು. ಅದಲ್ಲದೆ ತಮ್ಮ ತಂತ್ರಜ್ಞರು ಟೆಸ್ಟ್ ಮಾಡುವ ಸರ್ವರ್ ತಮ್ಮದೇ ಜಾಲದೊಳಗಿದೆ, ಮಾಡುವ ಹೊತ್ತು ಬೆಳಿಗ್ಗೆ 11. ಅಂಗಳದಲ್ಲಿ ಗಾಡಿ ಓಡಿಸಿ ಘಾಟಿ ರಸ್ತೆ ಚೆನ್ನಾಗಿದೆ ಎಂದ ಹಾಗಾಯಿತು.

ನಾವು ಪರೀಕ್ಷಿಸಿದ ಕ್ರಮ ಹೀಗಿದೆ, ತಾವೂ ಮಾಡಿ ನೋಡಬಹುದು. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ, ಮನೆಯ ಬೇರೆ ಸಾಧನಗಳನ್ನೆಲ್ಲ ಆರಿಸಿ, ರಾತ್ರಿ 9ಕ್ಕೆ ಮೂರು ಕಮಾಂಡ್ ಕಿಟಕಿ ತೆರೆದು ಒಟ್ಟಿಗೇ ಪಿಂಗ್ ಹಚ್ಚಬೇಕು: ಒಂದು ಮನೆಯ ರೌಟರ್‌ಗೆ, ಒಂದು ಟ್ರೇಸ್‌ರೂಟ್‌ನಲ್ಲಿ (ಪ್ಯಾಕೆಟ್ ಹಾಯುವ ದಾರಿಯ ಪಟ್ಟಿ) ಎರಡನೆಯದಾಗಿ ಕಾಣುವ ತಮ್ಮ ಗೇಟ್‌ವೇಗೆ, ಒಂದು ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ. ತಲಾ 600 ಪಿಂಗ್, ಹತ್ತು ನಿಮಿಷದ ಕೆಲಸ. ಮೊದಲ ಎರಡರಲ್ಲಿ ನಷ್ಟ ಸೊನ್ನೆ, ಮೂರನೆಯದರಲ್ಲಿ ಶೇ 4ರಿಂದ 6. ನಡುವಿನ ರೌಟರ್‌ಗಳು ಪಿಂಗ್‌ಗೆ ಉತ್ತರಿಸಲು ಅಸಡ್ಡೆ ಮಾಡುತ್ತವೆ, ಅದನ್ನು ನಷ್ಟ ಎನ್ನಲಾಗದು ಎಂಬುದು ನಮಗೆ ತಿಳಿದೇ ಇದೆ. ಇಲ್ಲಿ ನಷ್ಟ ಮೂರನೇ ಹೆಜ್ಜೆಯಲ್ಲಿ ಶುರುವಾಗಿ ಕೊನೆಯವರೆಗೂ ಮುಂದುವರಿಯುತ್ತದೆ. ಹಾಗಾಗಿ ಅದು ನಿಜವಾದ ನಷ್ಟವೇ, ಮತ್ತು ಇರುವುದು ಹಾಸನದಿಂದ ಮೇಲಕ್ಕೆ ಹೋಗುವ ತಮ್ಮ ಲಿಂಕ್‌ನಲ್ಲಿ. ದೂರದ ನೆಪ ಹೇಳುವಂತಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಬೆಂಗಳೂರು ಇರುವುದು 180 ಕಿ.ಮೀ. ಆಚೆ, ಹೋಗಿ ಬರಲು 2 ಮಿಲಿಸೆಕೆಂಡ್ ಸಾಕು. ಸಂಜೆಯ ಹೊತ್ತು ಅದೇ ದಾರಿಯಲ್ಲಿ ಪಿಂಗ್ ಕೆಲವೊಮ್ಮೆ 500 ಮುಟ್ಟುತ್ತದೆ. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಿಂದ 36,000 ಕಿ.ಮೀ. ಮೇಲಿನ ಉಪಗ್ರಹದ ಮೂಲಕ ಇಂಟರ್ನೆಟ್ ಕೊಟ್ಟರೂ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ.

ಕೆಲವು ಮನೆಗಳ ಕತೆ ಬೇರೆ. ಅಲ್ಲಿ ನಷ್ಟ ಇಡೀ ದಿನ ಇದೆ, ಮಳೆ ಬಂದ ಮೇಲೆ ಹೆಚ್ಚು. ಮನೆಯೊಳಗೆ ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯ ಪುಟದಲ್ಲಿ ಒಳಬರುವ ಬೆಳಕಿನ ಮಟ್ಟ ಮೈನಸ್ 28ರ ಆಸುಪಾಸಿದೆ. ಜಿಪಾನ್ (ಮನೆಗಳಿಗೆ ಫೈಬರ್ ಹಂಚುವ ತಂತ್ರಜ್ಞಾನ) ಬಿ ಪ್ಲಸ್ ದರ್ಜೆಯಲ್ಲಿ ಓಎನ್‌ಟಿಯ ಸೂಕ್ಷ್ಮತೆಯ ಮಿತಿ ಮೈನಸ್ 27 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ). ಲೆಕ್ಕ ಹಾಕಿ ನೋಡಿ: ತಮ್ಮ ಕೇಂದ್ರದ ಫೈಬರ್ ಸಾಧನವಾದ ಓಎಲ್‌ಟಿಯಿಂದ ಪ್ಲಸ್ 3 ಹೊರಟಿತು ಎಂದಿಟ್ಟುಕೊಳ್ಳೋಣ. ಬೆಳಕನ್ನು ಒಂದರಿಂದ ಎಂಟಕ್ಕೆ ಹಂಚುವ ಎರಡು ಸ್ಪ್ಲಿಟರ್‌ಗಳಿಗೆ ತಲಾ ಹತ್ತೂವರೆ, 6 ಕಿ.ಮೀ. ಫೈಬರ್‌ಗೆ 2, ನಾಲ್ಕು ಕನೆಕ್ಟರ್‌ಗಳಿಗೆ ತಲಾ ಅರ್ಧದಂತೆ ಇನ್ನೆರಡು ಡಿಬಿ ಕಳೆದರೂ ಮೈನಸ್ 22 ಉಳಿಯಬೇಕು. ಮಿಕ್ಕ 6 ಡಿಬಿ, ಅಂದರೆ ಬರಬೇಕಾದ ಬೆಳಕಿನ ಮುಕ್ಕಾಲು ಪಾಲು, ಎಲ್ಲೋ ಸೋರುತ್ತಿದೆ. ಕಂಬದ ಮೇಲಿನ ಜಾಯಿಂಟ್ ಬಾಕ್ಸ್‌ನ ಮುಚ್ಚಳ ತೆರೆದೇ ಇದೆ, ಫೈಬರ್ ಸುರುಳಿಯನ್ನು ಬೆರಳಿಗೆ ಸುತ್ತುವಷ್ಟು ಬಿಗಿಯಾಗಿ ಕಟ್ಟಲಾಗಿದೆ. ನಿಮ್ಮವರು ಬಂದಾಗಲೆಲ್ಲ ಓಎನ್‌ಟಿ ಬದಲಿಸಿ ಹೋಗುತ್ತಾರೆ. ಬಾಕ್ಸ್‌ನಲ್ಲಿ ನೀರಿರುವಾಗ ಹೊಸ ಪೆಟ್ಟಿಗೆಯಿಂದ ಏನು ಪ್ರಯೋಜನ?

ಇನ್ನು ಸಿಜಿನ್ಯಾಟ್. ರೌಟರ್‌ನ ವ್ಯಾನ್ (ಹೊರ ಜಾಲದ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಇದೆ, ಎಂದರೆ ಒಂದೇ ಸಾರ್ವಜನಿಕ ಐಪಿಯನ್ನು ಅನೇಕ ಮನೆಗಳಿಗೆ ಹಂಚಿದ್ದೀರಿ. ಐಪಿವಿ4 ವಿಳಾಸಗಳು ತುಟ್ಟಿ, ಅದು ಅರ್ಥವಾಗುತ್ತದೆ. ಆದರೆ ಹಳೆಯ ಸಿಮ್ಯುಲೇಟರ್‌ಗಳಲ್ಲಿ ಆಟ ಹೋಸ್ಟ್ ಮಾಡುವವರ ಐಪಿಯನ್ನೇ ನೇರ ಬರೆದು ಸೇರಬೇಕು. ಸಿಜಿನ್ಯಾಟ್ ಹಿಂದೆ ಕುಳಿತವರು ತಮ್ಮ ರೌಟರ್‌ನಲ್ಲಿ ಎಷ್ಟೇ ಪೋರ್ಟ್ ತೆರೆದರೂ ಬಾಗಿಲು ತಮ್ಮ ಸಂಸ್ಥೆಯ ಕಡೆ ಮುಚ್ಚಿಯೇ ಇರುತ್ತದೆ. ವಿಪಿಎನ್ ಮೂಲಕ ಸುತ್ತಿಬಳಸಿ ಬರಬಹುದು. ಈಗಾಗಲೇ ಸೋರುವ ಲೈನ್‌ಗೆ ಅದು ಇನ್ನೊಂದು ಹೊರೆ. ಒಂದು ಕಡೆ ಹೋಸ್ಟ್ ಮಾಡಲಾಗುವುದಿಲ್ಲ, ಇನ್ನೊಂದು ಕಡೆ ಬೇರೆಯವರ ಆಟಕ್ಕೆ ಸೇರಿದರೆ ಮಾತು ಕೇಳುವುದಿಲ್ಲ.

ಇದರಿಂದ ಆಗಿರುವ ನಷ್ಟ ಬಿಲ್ಲಿನಲ್ಲಿ ಕಾಣುವಂಥದ್ದಲ್ಲ. ನಾವು ಸೇರಿರುವ ಆಟಗಾರರ ಬಳಗದಲ್ಲಿ ಹೊಸಬರಿಗೆ ಮೊದಲು ಕೊಡುವುದು ಚುಕ್ಕಾಣಿ. ಆದೇಶ ಬಂದಾಗ ಅದನ್ನು ಹಾಗೇ ತಿರುಗಿ ಹೇಳಬೇಕು: ‘ದಿಕ್ಕು ಎರಡು ಏಳು ಸೊನ್ನೆ, ಆಳ 14 ಮೀಟರ್’. ಅದು ತಪ್ಪಿಲ್ಲದೆ ಬಂದರೆ ಮುಂದೆ ಹೈಡ್ರೋಫೋನ್, ಆಮೇಲೆ ಟಾರ್ಪಿಡೊ ಲೆಕ್ಕ. ಹಾಸನದ ಹೊಸಬರು ಚುಕ್ಕಾಣಿಯಲ್ಲೇ ನಿಲ್ಲುತ್ತಿದ್ದಾರೆ, ತಿರುಗಿ ಹೇಳಿದ್ದು ಅರ್ಧಕ್ಕೇ ತುಂಡಾಗುವುದರಿಂದ. ನಮ್ಮೂರಿನ ಲೈನ್ ಎಂದು ತಿಳಿದರೆ ಬಳಗದವರು ಸಂಜೆಯ ಆಟಕ್ಕೆ ಕರೆಯುವುದನ್ನೇ ಬಿಟ್ಟಿದ್ದಾರೆ. ಅವರನ್ನು ದೂರುವಂತಿಲ್ಲ, ಒಬ್ಬರ ಮಾತು ಕಡಿದರೆ ಇಡೀ ನೌಕೆಯವರ ಸಂಜೆ ಹಾಳು. ಇದೇ ಲೈನ್‌ನಲ್ಲಿ ಮಕ್ಕಳ ಆನ್‌ಲೈನ್ ಪಾಠ, ಮನೆಯಿಂದ ಕೆಲಸ ಮಾಡುವವರ ಮೀಟಿಂಗ್ ಎರಡೂ ಇವೆ. ಅವರು ಸುಮ್ಮನೆ ‘ನೆಟ್ ಸರಿ ಇಲ್ಲ’ ಎನ್ನುತ್ತಾರೆ, ನಾವು ಅಂಕಿ ಇಟ್ಟುಕೊಂಡು ಹೇಳುತ್ತಿದ್ದೇವೆ, ಅಷ್ಟೇ ವ್ಯತ್ಯಾಸ.

ನಮ್ಮ ಬೇಡಿಕೆ: ಹಾಸನದಿಂದ ಹೊರಹೋಗುವ ಲಿಂಕ್‌ನ ರಾತ್ರಿ 8ರಿಂದ 11ರ ಬಳಕೆಯ ಗ್ರಾಫ್ ನೋಡಿ, ತುಂಬಿ ತುಳುಕುತ್ತಿದ್ದರೆ ಸಾಮರ್ಥ್ಯ ಹೆಚ್ಚಿಸಿ. ಪ್ಯಾಕೆಟ್ ನಷ್ಟಕ್ಕೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಗದಿ ಮಾಡಿರುವ ಮಿತಿ ಶೇ 1, ಅದರೊಳಗೆ ತನ್ನಿ. ಬೆಳಕಿನ ಮಟ್ಟ ಮೈನಸ್ 25ಕ್ಕಿಂತ ಕೆಳಗಿರುವ ಮನೆಗಳ ಜಾಯಿಂಟ್‌ಗಳನ್ನು ಹೊಸದಾಗಿ ಬೆಸೆದು, ಬಾಕ್ಸ್ ಸೀಲ್ ಮಾಡಿ. ಕೇಳಿದವರಿಗೆ ಸಾರ್ವಜನಿಕ ಐಪಿ ಕೊಡಿ. ಸ್ಥಿರ ಐಪಿಯೇ ಆಗಬೇಕೆಂದಿಲ್ಲ, ದಿನಕ್ಕೊಮ್ಮೆ ಬದಲಾದರೂ ಸರಿ, ನ್ಯಾಯವಾದ ಶುಲ್ಕವಿದ್ದರೆ ಕಟ್ಟುತ್ತೇವೆ. ಸ್ವಂತ ರೌಟರ್ ಇಟ್ಟುಕೊಂಡವರಿಗೆ ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿ) ಹಾಕಿಕೊಡಿ.

ಎಲ್ಲಕ್ಕಿಂತ ಮೊದಲು, ಗ್ರಾಹಕರ ಒಪ್ಪಿಗೆ ಇಲ್ಲದೆ ಡಾಕೆಟ್ (ದಾಖಲಾದ ದೂರು) ಮುಚ್ಚುವುದನ್ನು ನಿಲ್ಲಿಸಿ. ಇದುವರೆಗಿನ ಡಾಕೆಟ್ ಸಂಖ್ಯೆಗಳು, ಪಿಂಗ್ ದಾಖಲೆಗಳು, ಬೆಳಕಿನ ಮಟ್ಟದ ಚಿತ್ರಗಳನ್ನು ಲಗತ್ತಿಸಿದ್ದೇವೆ. ಈ ಪತ್ರಕ್ಕೂ ಸ್ಪೀಡ್ ಟೆಸ್ಟ್ ಚಿತ್ರವೇ ಉತ್ತರವಾಗಿ ಬಂದರೆ, ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳಂತೆ ತಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇವೆ, ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸುತ್ತೇವೆ.

ತಂತ್ರಜ್ಞರು ಬರುವಾಗ ಆಪ್ಟಿಕಲ್ ಪವರ್ ಮೀಟರ್ ತರಲಿ, ಅದನ್ನು 1490 ನ್ಯಾನೋಮೀಟರ್‌ಗೆ ಹೊಂದಿಸಿಕೊಂಡು ಮನೆಯೊಳಗೊಮ್ಮೆ, ಕಂಬದ ಬಾಕ್ಸ್‌ನಲ್ಲೊಮ್ಮೆ ಅಳೆಯಲಿ. ಫೈಬರ್ ಬೆಸೆಯುವ ಫ್ಯೂಷನ್ ಸ್ಪ್ಲೈಸರ್ ಮತ್ತು ಏಣಿಯೂ ಬೇಕಾಗುತ್ತದೆ. ಕಂಬದ ಕೆಲಸಕ್ಕೆ ಹಗಲೇ ಬರಲಿ. ಪ್ಯಾಕೆಟ್ ನಷ್ಟ ನೋಡುವವರು ಮಾತ್ರ ರಾತ್ರಿ 9ಕ್ಕೆ ಬರಬೇಕು.

ವಂದನೆಗಳೊಂದಿಗೆ,
ಹಾಸನ, ಆಲೂರು, ಸಕಲೇಶಪುರದ ಚಂದಾದಾರರು
(ಸಹಿಗಳು ಮತ್ತು ಗ್ರಾಹಕ ಸಂಖ್ಯೆಗಳು ಪ್ರತ್ಯೇಕ ಹಾಳೆಯಲ್ಲಿ)