ಚಿಕ್ಕವರಿಗೆ ಹೇಳಿಕೊಡುವ ಮಕ್ಕಳ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರ. ಈ ತಿಂಗಳಿಂದ ಪ್ರತಿ ಶನಿವಾರ ಕೊನೆಯ ಅವಧಿಯಲ್ಲಿ, ಇಷ್ಟವಿರುವ ಒಂಬತ್ತನೇ ತರಗತಿಯ ಮಕ್ಕಳು ಪಕ್ಕದ ಪ್ರಾಥಮಿಕ ಶಾಲೆಯ ನಲಿ-ಕಲಿ ಕೊಠಡಿಗೆ ಹೋಗಿ ಚಿಕ್ಕ ಮಕ್ಕಳ ಜೊತೆ ಕೂತು ಲೆಕ್ಕ, ಓದು ಹೇಳಿಕೊಡಲಿದ್ದಾರೆ. ‘ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಈಗ ಇದೆಲ್ಲ ಯಾಕೆ ಸಾರ್?’ ಎಂದು ಕೆಲವರು ಕೇಳಿದ್ದೀರಿ. ಕೇಳಬೇಕಾದ ಮಾತೇ. ಅದಕ್ಕೇ ಈ ಪತ್ರ.

ನಲಿ-ಕಲಿ ಶುರುವಾದದ್ದು ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪಾಗಿ ಕೂತು, ಕಲಿಕೆಯಲ್ಲಿ ತಾವು ತಲುಪಿದ ಮೆಟ್ಟಿಲಿನ ಕಾರ್ಡ್ ತಾವೇ ತೆಗೆದುಕೊಂಡು ಕಲಿಯುತ್ತಾರೆ. ಸಹಪಾಠಿಯ ನೆರವಿನಿಂದ ಕಲಿಯುವ ಗುಂಪು ಅಲ್ಲಿ ಮೊದಲಿನಿಂದಲೂ ಇದೆ. ಹಾಗಾಗಿ ದೊಡ್ಡ ಮಗುವೊಂದು ಬಂದು ಪಕ್ಕದಲ್ಲಿ ಕೂತರೆ ಆ ಕೊಠಡಿಗೆ ಅದೇನೂ ಹೊಸದಲ್ಲ.

ಅಲ್ಲಿ ನಡೆಯುವುದನ್ನು ಒಂದು ಲೆಕ್ಕದಿಂದ ಹೇಳುತ್ತೇನೆ. 42ರಲ್ಲಿ 17 ಕಳೆಯಲು ಕೊಟ್ಟರೆ ಚಿಕ್ಕ ಮಕ್ಕಳಲ್ಲಿ ಅನೇಕರು 35 ಎಂದು ಬರೆಯುತ್ತಾರೆ. ‘ತಪ್ಪು’ ಎಂದು ಗೀಟು ಹಾಕಿದರೆ ಕಥೆ ಮುಗಿಯಿತು. ‘ಹೇಗೆ ಮಾಡ್ದೆ, ಹೇಳು ಪುಟ್ಟಾ’ ಎಂದು ಕೇಳಿದರೆ ಗುಟ್ಟು ಹೊರಬರುತ್ತದೆ: ಏಳರಲ್ಲಿ ಎರಡು ಕಳೆದು ಐದು, ನಾಲ್ಕರಲ್ಲಿ ಒಂದು ಕಳೆದು ಮೂರು. ಯಾವ ಸಾಲಿನಲ್ಲೇ ಆಗಲಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಮಗು ತನಗೆ ತಾನೇ ಒಂದು ನಿಯಮ ಮಾಡಿಕೊಂಡಿದೆ. ಅದು ದಡ್ಡತನವಲ್ಲ. ‘ಸಾಲ ತಗೋ’ ಎಂದು ಹತ್ತು ಸಲ ಕೂಗಿದರೂ ಈ ನಿಯಮ ಅಲುಗುವುದಿಲ್ಲ, ಏಕೆಂದರೆ ಸಾಲ ಎಲ್ಲಿಂದ ಬಂತು ಎಂಬುದು ಅದಕ್ಕೆ ಕಂಡಿಲ್ಲ. ತೆಂಗಿನ ಪೊರಕೆಕಡ್ಡಿ 42 ತುಂಡು ಮಾಡಿ, ಹತ್ತತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ನಾಲ್ಕು ಕಟ್ಟು ಕಟ್ಟಬೇಕು; ಎರಡು ಬಿಡಿ ಉಳಿಯುತ್ತವೆ. ಎರಡು ಬಿಡಿಯಲ್ಲಿ ಏಳು ಕೊಡಲಾಗದು, ಒಂದು ಕಟ್ಟು ಬಿಚ್ಚಲೇಬೇಕು. ಆಗ ಮೂರು ಕಟ್ಟು, ಹನ್ನೆರಡು ಬಿಡಿ. ಏಳು ಬಿಡಿ ತೆಗೆದು, ಒಂದು ಕಟ್ಟು ತೆಗೆದರೆ 25. ಕಟ್ಟನ್ನು ಮಗುವೇ ಬಿಚ್ಚಬೇಕು. ಅಣ್ಣನೋ ಅಕ್ಕನೋ ಅವಸರಪಟ್ಟು ಬಿಚ್ಚಿಕೊಟ್ಟರೆ ಮತ್ತೆ ಮೊದಲಿನಿಂದ ಶುರು.

ತಪ್ಪು ಉತ್ತರದ ಹಿಂದೆ ಒಂದು ಯೋಚನೆ ಇರುತ್ತದೆ, ಕೇಳಿದರೆ ಅದು ಸಿಗುತ್ತದೆ ಎಂಬುದನ್ನು ಹದಿನಾಲ್ಕನೇ ವಯಸ್ಸಿನಲ್ಲಿ ಕಂಡುಕೊಂಡ ಮಗುವಿಗೆ ಮೇಷ್ಟ್ರ ಕೆಲಸದ ನಿಜವಾದ ರುಚಿ ಹತ್ತುತ್ತದೆ. ಬೋರ್ಡಿನ ಮುಂದೆ ನಿಂತು ಜೋರಾಗಿ ಮಾತಾಡುವ ಆಸೆಗಿಂತ ಇದು ಬಹಳ ಗಟ್ಟಿ. ಓದು ಕೆಡುತ್ತದೆ ಎಂಬ ಭಯವೂ ಬೇಡ; ಹೇಳಿಕೊಡಲು ಕೂತವರಿಗೆ ತಮ್ಮ ತಳಪಾಯದಲ್ಲಿನ ಬಿರುಕು ಮೊದಲು ಕಾಣುತ್ತದೆ.

ಓದಿಸುವಾಗ ಎಡವುವುದು ಬೇರೆ ಕಡೆ. ನಲಿ-ಕಲಿಯಲ್ಲಿ ಅ, ಆ, ಇ, ಈ ಕ್ರಮವಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ, ದಸರ ಎಲ್ಲ ಓದಬಹುದು. ಆದರೆ ದೊಡ್ಡವರು ಬೆರಳಿಟ್ಟು ಮುಂದೆ ಓದಿ, ಚಿಕ್ಕವರು ಹಿಂದೆ ಹೇಳಿದರೆ ಅದು ಬರೀ ಬಾಯಿಪಾಠ. ಕಾರ್ಡುಗಳನ್ನು ಕಲಸಿ, ಕೊನೆಯ ಪದ ಮೊದಲು ಕೇಳಿದರೆ ಮಗು ನಿಜವಾಗಿ ಓದುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಮನೆಯಲ್ಲೂ ತಮ್ಮ, ತಂಗಿ, ಪಕ್ಕದ ಮನೆಯ ಐಕ್ಳನ್ನು ಕೂರಿಸಿಕೊಳ್ಳಬಹುದು. ಒಮ್ಮೆಗೆ ಒಂದಿಬ್ಬರು ಸಾಕು, ಇಪ್ಪತ್ತು ನಿಮಿಷ ಸಾಕು. ಬೀದಿಯ ಮಕ್ಕಳನ್ನೆಲ್ಲ ಒಪ್ಪಿಸಿದರೆ ನಿಮ್ಮ ಮಗು ಕಲಿಸುವುದನ್ನು ಬಿಟ್ಟು ‘ಸುಮ್ನಿರ್ರೋ’ ಎಂದು ಗದರುವ ಮಾನಿಟರ್ ಆಗುತ್ತದೆ, ಕೋಲೂ ಕೈಗೆ ಬರುತ್ತದೆ. ಮಕ್ಕಳು ಕಂಡದ್ದನ್ನೇ ಆಡುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಮನೆಯಲ್ಲಿ ಮೇಷ್ಟ್ರ ಆಟ ಆಡುವವರಿಗೂ ಅದೇ ನಿಯಮ ಎಂದು ದಯವಿಟ್ಟು ಹೇಳಿ.

ಇನ್ನೊಂದು ಮಾತು ಬಿಚ್ಚಿ ಹೇಳಬೇಕು. ಮಗು ನೋಡಿಕೊಳ್ಳುವುದು ಬೇರೆ, ಮಗುವಿಗೆ ಹೇಳಿಕೊಡುವುದು ಬೇರೆ. ಕಬ್ಬು ಕಡಿಯುವ ಕಾಲದಲ್ಲಿ ಕೂಸನ್ನು ಹೆಣ್ಣುಮಗಳ ಕಂಕುಳಿಗೆ ಕೊಟ್ಟು ಶಾಲೆ ತಪ್ಪಿಸಿ, ‘ಅವಳಿಗೆ ಮಕ್ಕಳೆಂದರೆ ಇಷ್ಟ’ ಎನ್ನಬೇಡಿ. ಗಂಡುಮಕ್ಕಳನ್ನೂ ಶನಿವಾರಕ್ಕೆ ಕಳಿಸಿ. ಅವರಲ್ಲೂ ಒಳ್ಳೆಯ ಮೇಷ್ಟ್ರುಗಳಿದ್ದಾರೆ.

ಪ್ರತಿಯೊಬ್ಬರೂ ಒಂದು ನೋಟ್ ಪುಸ್ತಕ ಇಡಬೇಕು. ಏನು ಹೇಳಿಕೊಟ್ಟೆ, ಮಗು ಎಲ್ಲಿ ನಿಂತಿತು, ಏನು ಹೇಳಿತು, ನಾನೇನು ಮಾಡಿದೆ, ಇಷ್ಟೇ. ಮಗು ಆಡಿದ ಮಾತನ್ನು ಇದ್ದ ಹಾಗೇ ಬರೆಯಲಿ.

ಮುಂದೆ ಇದೇ ದಾರಿ ಹಿಡಿಯುತ್ತೇನೆ ಎಂದರೆ ತಡೆಯಬೇಡಿ, ದಾರಿ ಸರಿಯಾಗಿ ತಿಳಿದುಕೊಳ್ಳಿ. ಒಂದರಿಂದ ಐದನೇ ತರಗತಿಗೆ ಕಲಿಸಲು ಪಿಯುಸಿ ನಂತರ ಎರಡು ವರ್ಷದ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಬೇಕು. ಈ ತರಗತಿಗಳಿಗೆ ಬಿ.ಎಡ್. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ; ಇದು ತಿಳಿಯದೆ ಬಿ.ಎಡ್. ಮುಗಿಸಿ ಕೂತವರಿದ್ದಾರೆ. ಪ್ರೌಢಶಾಲೆಗಾದರೆ ಪದವಿಯ ಮೇಲೆ ಎರಡು ವರ್ಷದ ಬಿ.ಎಡ್. ಬೇಕು. ಪದವಿ, ಬಿ.ಎಡ್. ಎರಡನ್ನೂ ನಾಲ್ಕೇ ವರ್ಷದಲ್ಲಿ ಮುಗಿಸುವ ಸಂಯೋಜಿತ ಕೋರ್ಸೂ ಇದೆ, ಅದಕ್ಕೆ ಪಿಯುಸಿ ಹೊತ್ತಿಗೇ ಪ್ರವೇಶ ಪರೀಕ್ಷೆ ಬರೆಯಬೇಕು. 1963ರಿಂದ ಮೈಸೂರಿನಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ಕೋರ್ಸಿಗೆ ಹೆಸರಾದದ್ದು, ನಮಗೆ ಬಸ್ಸಿನ ದೂರ. ಎಂಟನೇ ತರಗತಿವರೆಗೆ ಕಲಿಸುವವರು ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಬೇಕು: ಒಟ್ಟು 150 ಅಂಕ, ಸಾಮಾನ್ಯ ವರ್ಗಕ್ಕೆ ಕನಿಷ್ಠ 90. ಅದರಲ್ಲಿ 30 ಅಂಕ ಮಕ್ಕಳ ಬೆಳವಣಿಗೆ ಮತ್ತು ಬೋಧನಾಕ್ರಮದ ಮೇಲೆ.

ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕಳಿಸಿಕೊಡಿ. ಮಗುವನ್ನು ಕೇಳಿ ಸಹಿ ಮಾಡಿ. ಬೇಡವೆಂದರೆ ಬಲವಂತ ಬೇಡ. ಮೊದಲ ದಿನ ಕಡ್ಡಿ, ರಬ್ಬರ್ ಬ್ಯಾಂಡ್ ಮನೆಯಿಂದ ತಂದರೆ ಸಾಕು, ಉಳಿದದ್ದು ಶಾಲೆಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಪ್ರೌಢಶಾಲೆ, ಮಂಡ್ಯ ತಾಲ್ಲೂಕು