ಕೀಸುಳಿ ಹಾಕುವ ಮುನ್ನ ಹಲಗೆ ನೋಡಿ

ಮಾನ್ಯ ಸಂಪಾದಕರೇ,

ಹಳ್ಳಿಗಾಡಿನ ಹಳೆಯ ಮರಗೆಲಸ, ಸಾಮಿಲ್ಲುಗಳ ನೆನಪು ಬರೆದಿಡುವವರು ಯಾರು ಎಲ್ಲಿ ದುಡಿದರು ಎಂದು ವಿಚಾರಿಸುತ್ತಾರೆ. ದಿಮ್ಮಿಯನ್ನು ಹೇಗೆ ಕೊಯ್ದರು ಎಂದು ಕೇಳುವವರು ಕಡಿಮೆ. ಉತ್ತರ ಹಳೆಯ ಅಟ್ಟದ ಹಲಗೆಗಳ ಹಿಂಬದಿಯಲ್ಲೇ ಇದೆ.

ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಗರಗಸ ಬಿಟ್ಟ ಗೆರೆಗಳು ನೇರವಿದ್ದೂ ಅಂತರ, ಓರೆ ಎರಡೂ ಬದಲಾಗುತ್ತಿದ್ದರೆ ಅದು ಇಬ್ಬರು ಕೈಯಲ್ಲಿ ಕೊಯ್ದದ್ದು. ಬಿಲ್ಲಿನಂತೆ ಬಾಗಿದ್ದರೆ ಚಕ್ರಗರಗಸದ್ದು. ನೇರವಾಗಿ, ಒಂದೇ ಅಂತರದಲ್ಲಿದ್ದರೆ ಬ್ಯಾಂಡ್‌ಸಾ (ಎರಡು ಗಾಲಿಗಳ ಮೇಲೆ ಸುತ್ತುವ ಪಟ್ಟಿಗರಗಸ) ಅಥವಾ ಯಂತ್ರದಿಂದ ಮೇಲೆ ಕೆಳಗೆ ಆಡುವ ಗರಗಸದ್ದು.

ಕೈಕೊಯ್ತದಲ್ಲಿ ದಿಮ್ಮಿಯನ್ನು ಗುಂಡಿಯ ಮೇಲೆ ಏರಿಸಿ, ಅಲುಗದಂತೆ ಬಿಗಿದು, ಎರಡೂ ತುದಿಗೆ ತೂಗುಗುಂಡು ಹಿಡಿದು ಗೆರೆ ಎಳೆದು, ಉದ್ದಕ್ಕೆ ಮಸಿ ಹಚ್ಚಿದ ದಾರ ಬಿಗಿಹಿಡಿದು ಗೆರೆ ಹೊಡೆಯುತ್ತಿದ್ದರು. ಗೆರೆ ಕಾಯುವವನು ದಿಮ್ಮಿಯ ಮೇಲಿನವನು, ಎಳೆಯುವವನು ಕೆಳಗೆ ಗುಂಡಿಯಲ್ಲಿರುವವನು. ಹಲ್ಲು ಕೊಯ್ಯುವುದು ಕೆಳಗಿಳಿಯುವಾಗ ಮಾತ್ರ. ಮೇಲೆತ್ತುವಾಗ ಅಲಗನ್ನು ಮರದಿಂದ ಕೂದಲೆಳೆಯಷ್ಟು ಹಿಂದೆ ಸರಿಸದಿದ್ದರೆ ಹಲ್ಲು ಬೇಗ ಮೊಂಡಾಗುತ್ತದೆ, ಮೇಲಿನವನ ರಟ್ಟೆಯೂ ಸೋಲುತ್ತದೆ. ಸೀಳು ಕೂಡಿಕೊಂಡು ಅಲಗನ್ನು ಹಿಡಿಯದಂತೆ ಹಿಂದೆ ಬೆಣೆ ಕೊಡಬೇಕು. ಅದನ್ನೇ ಜೋರಾಗಿ ಹೊಡೆದರೆ ಗರಗಸಕ್ಕಿಂತ ಮುಂಚೆ ಮರವೇ ಸೀಳಿಕೊಂಡು ಹೋಗುತ್ತದೆ. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಗ್ಗಿಸುವುದರಲ್ಲಿ ಸಮ ತಪ್ಪಿದರೆ, ಹೆಚ್ಚು ಬಗ್ಗಿದ ಕಡೆಗೇ ಗರಗಸ ವಾಲುತ್ತದೆ. ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳುವಾದ ಹಲಗೆ ಕಂಡರೆ ಇದೂ ಒಂದು ಕಾರಣವಿರಬಹುದು.

ಚಕ್ರಗರಗಸ ವೇಗ ತಂದಿತು, ಮರ ತಿಂದಿತು. ಸುಮಾರು 6 ಮಿ.ಮೀ. ಅಗಲ ಕೊಯ್ದರೆ ನಾಲ್ಕು ಕೊಯ್ತಕ್ಕೆ ಒಂದು ಇಂಚಿನ ಹಲಗೆಯಷ್ಟು ಮರ ಹೊಟ್ಟಾಗುತ್ತದೆ. ದೊಡ್ಡ ಚಕ್ರದ ನಡುಭಾಗವನ್ನು ಸುತ್ತಿಗೆಯಿಂದ ತಟ್ಟಿ ಸ್ವಲ್ಪ ಸಡಿಲ ಮಾಡಬೇಕಿತ್ತು. ಓಡುವ ವೇಗಕ್ಕೆ ಅಂಚು ಹಿಗ್ಗಿದಾಗ ಚಕ್ರ ನೆಟ್ಟಗೆ ನಿಲ್ಲುವುದು ಹಾಗೆ. ಹಲ್ಲು ಮೊಂಡಾಗಿ ಅಂಚು ಕಾದರೆ ಚಕ್ರ ತೊನೆದು ಹಲಗೆಯ ಮೈ ಅಲೆಯಲೆಯಾಗುತ್ತದೆ. ಬ್ಯಾಂಡ್‌ಸಾಗೆ ಇದರ ಅರ್ಧದಷ್ಟು ಅಗಲವೂ ಬೇಡ. ಅದಕ್ಕೆ ಇಂಗ್ಲೆಂಡಿನಲ್ಲಿ 1808ರಲ್ಲೇ ಪೇಟೆಂಟ್ ಸಿಕ್ಕಿತ್ತು. ಬೆಸುಗೆಯಲ್ಲಿ ತುಂಡಾಗದ ಉಕ್ಕಿನ ಪಟ್ಟಿ ಬರುವವರೆಗೆ ದಶಕಗಳ ಕಾಲ ಅದು ಬಳಕೆಗೆ ಒದಗಲಿಲ್ಲ.

ಹಳೆಯ ಮನೆ ದುರಸ್ತಿಗೆ ಬಂದಾಗ ಈ ಗುರುತುಗಳೆಲ್ಲ ಒಂದೇ ದಿನದಲ್ಲಿ ಅಳಿಸಿಹೋಗುತ್ತಿವೆ. ಕೀಸುಳಿ, ಉಪ್ಪುಕಾಗದ ಮುಟ್ಟಿಸುವ ಮುನ್ನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಆ ಫೋಟೊ ಹಿಡಿದು, ಗರಗಸ ಎಳೆದ ಹಿರಿಯರು ಇನ್ನೂ ಇದ್ದರೆ, ಹಲ್ಲು ಎಷ್ಟು ಬಗ್ಗಿಸುತ್ತಿದ್ದಿರಿ, ಹರಿತಕ್ಕೆ ಅರ ಎಷ್ಟು ಹೊತ್ತಿಗೊಮ್ಮೆ ಹಾಕುತ್ತಿದ್ದಿರಿ ಎಂದು ಕೇಳಿ.